ಶರ್ಜಾ ದರ್ವಾಜಾದ ಸ್ಕ್ರಿಪ್ಟ್ ಮಾಂಡು ದರ್ವಾಜಾದಲ್ಲಿ ಕೆಟ್ಟಾಗ: ಪಠ್ಯ ಸಾಹಸ ಆಟಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಆಟಗಾರ ಟೈಪ್ ಮಾಡಿದ ಮಾತುಗಳಿಂದ ನಡೆಯುವ ಪಠ್ಯ ಸಾಹಸ ಆಟದಲ್ಲಿ ಒಂದು ವಸ್ತುವಿಗಾಗಿ ಬರೆದು, ಆಡಿ ನೋಡಿ, ಸರಿಯಿದೆ ಎಂದು ಖಚಿತಪಡಿಸಿಕೊಂಡ ಸ್ಕ್ರಿಪ್ಟನ್ನು (ಏನು ನಡೆಯಬೇಕೆಂದು ಹೇಳುವ ಆಜ್ಞೆಗಳ ಸಾಲನ್ನು) ಇನ್ನೊಂದು ವಸ್ತುವಿಗೆ ಹಚ್ಚಿದ ಕೂಡಲೇ ಅದು ಕೆಡುವುದುಂಟು. ಕೆಲವೊಮ್ಮೆ ಅದು ಓಡುವುದೇ ಇಲ್ಲ. ಕೆಲವೊಮ್ಮೆ ಓಡಿದರೂ ಬೇರೆ ವಸ್ತುವಿನ ಮೇಲೆ ಕೆಲಸ ಮಾಡುತ್ತದೆ. ಇನ್ನು ಕೆಲವೊಮ್ಮೆ ಒಂದು ಸಲ ಸರಿಯಾಗಿ ನಡೆದು ಮುಂದೆ ಸುಮ್ಮನಾಗಿಬಿಡುತ್ತದೆ. ಈ ಕೈಪಿಡಿ ಅಂಥ ದೋಷಗಳನ್ನು ಗುರುತಿಸುವುದಕ್ಕೆ ಮತ್ತು ಸರಿಪಡಿಸುವುದಕ್ಕೆ ಮಾತ್ರ ಮೀಸಲಾಗಿದೆ.

ಬೀದರ್ ಕೋಟೆಯನ್ನೇ ನೆಲೆಯಾಗಿಟ್ಟುಕೊಂಡು ವಿದ್ಯಾರ್ಥಿಗಳೊಡನೆ ಕನ್ನಡದಲ್ಲಿ ಕಟ್ಟುತ್ತಿರುವ ಆಟದಿಂದ ಉದಾಹರಣೆಗಳನ್ನು ತೆಗೆದುಕೊಂಡಿದ್ದೇನೆ. ಬಳಸಿರುವ ಸಾಧನ ಕ್ವೆಸ್ಟ್‌ನ 5ನೆಯ ಆವೃತ್ತಿ. ಇದು ಉಚಿತ, ಇದರ ಮೂಲ ಕೋಡ್ ಮುಕ್ತವಾಗಿದೆ, ಮತ್ತು ಪ್ರೋಗ್ರಾಮಿಂಗ್ ಕಲಿಯದವರೂ ಎಡಿಟರ್‌ನ ಪಟ್ಟಿಗಳಿಂದ ಆರಿಸಿಕೊಂಡು ಸ್ಕ್ರಿಪ್ಟ್ ಕಟ್ಟಬಹುದು. ಕೋಡಿನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ವಸ್ತುವಿನ ಹೆಸರಿಗೂ ಅದೇ ನಿಯಮವನ್ನು ಪಾಲಿಸುವುದು ಕ್ಷೇಮ: ಕೋಡ್ ಗುರುತಿಸುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಆಟಗಾರರಿಗೆ ಕಾಣುವ ಅಲಿಯಾಸ್ ಕನ್ನಡದಲ್ಲಿರಲಿ.

ದೋಷ ಕಾಣಿಸಿಕೊಳ್ಳುವ ಬಗೆ

ಬೀದರ್ ಕೋಟೆಗೆ ದರ್ವಾಜಾಗಳು ಹಲವು. ಶರ್ಜಾ, ಗುಂಬದ್, ಮಾಂಡು, ಕಲ್ಯಾಣಿ, ದಿಲ್ಲಿ ಎಂದು ಅವುಗಳಿಗೆ ಹೆಸರುಗಳಿವೆ. ಆಟದಲ್ಲಿ ಪ್ರತಿಯೊಂದು ದರ್ವಾಜಾಕ್ಕೂ ಒಂದು ಕೀಲಿ ಇದೆ, ಅದಕ್ಕೆ ಹೊಂದುವ ಒಂದು ಕೀಲಿಕೈ ಇದೆ, ತೆರೆದಾಗ ಒಂದು ಮಾತು ಬರುತ್ತದೆ, ಈಗಾಗಲೇ ತೆರೆದಿದ್ದರೆ ಇನ್ನೊಂದು ಮಾತು ಬರುತ್ತದೆ. ಬೀಗ ಹಾಕುವ ಮತ್ತು ತೆಗೆಯುವ ಸೌಲಭ್ಯ ಕ್ವೆಸ್ಟ್‌ನಲ್ಲಿ ಸಿದ್ಧವಾಗಿಯೇ ಇದೆಯಾದರೂ, ನಮ್ಮದೇ ಷರತ್ತುಗಳು ಮತ್ತು ಕನ್ನಡದ ಸಂದೇಶಗಳು ಬೇಕಾಗಿದ್ದರಿಂದ ಸ್ವಂತ ಸ್ಕ್ರಿಪ್ಟ್ ಬರೆಯಬೇಕಾಯಿತು.

ಆಟಗಾರನು ಮಾಂಡು ದರ್ವಾಜಾದ ಮುಂದೆ ನಿಂತು, ಸರಿಯಾದ ಕೀಲಿಕೈ ಕೈಯಲ್ಲಿರುವಾಗ, ‘ಬಾಗಿಲು ತೆರೆ’ ಎಂದು ಟೈಪ್ ಮಾಡುತ್ತಾನೆ. ಪರದೆಯ ಮೇಲೆ, ‘ಎರಡು ಹುಲಿಗಳ ಕೆತ್ತನೆಯ ಕೆಳಗೆ ಬಾಗಿಲು ಕಿರ್ರೆಂದು ತೆರೆದುಕೊಂಡಿತು’ ಎಂದು ಬರುತ್ತದೆ. ಹುಲಿಗಳಿರುವುದು 1503ರಲ್ಲಿ ಕಟ್ಟಿದ ಶರ್ಜಾ ದರ್ವಾಜಾದ ಮೇಲೆ. ಮಾಂಡು ದರ್ವಾಜಾ ಮುಚ್ಚಿಕೊಂಡೇ ಇರುತ್ತದೆ. ಹಿಂದಿರುಗಿ ಹೋಗಿ ನೋಡಿದರೆ ಶರ್ಜಾ ದರ್ವಾಜಾ ತೆರೆದಿರುತ್ತದೆ. ಯಾವ ಎರರ್ ಸಂದೇಶವೂ ಬರುವುದಿಲ್ಲ. ಎರರ್ ಬರುವ ದೋಷಕ್ಕಿಂತ ಎರರ್ ಬಾರದ ಈ ದೋಷವೇ ಹೆಚ್ಚು ಅಪಾಯಕಾರಿ, ಏಕೆಂದರೆ ಕೋಟೆಯನ್ನು ಕಣ್ಣಾರೆ ಕಂಡ ಆಟಗಾರ ಮಾತ್ರ ಇದನ್ನು ಹಿಡಿಯಬಲ್ಲ.

ಈ ಬಗೆಯ ಎಲ್ಲ ದೋಷಗಳಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸ್ಕ್ರಿಪ್ಟ್ ತಾನು ಯಾವ ವಸ್ತುವಿಗೆ ಸೇರಿದ್ದೆಂದು ತಿಳಿದುಕೊಂಡಿದೆ? ಉತ್ತರವು ಸ್ಕ್ರಿಪ್ಟಿನ ಒಳಗೇ ಬರೆದಿಟ್ಟ ಹೆಸರಿನಿಂದ ಬರುತ್ತಿದೆಯೋ, ಅದನ್ನು ಕರೆದ ರೀತಿಯಿಂದ ಬರುತ್ತಿದೆಯೋ, ಅಥವಾ ಹಿಂದೆ ಎಲ್ಲೋ ಉಳಿಸಿಟ್ಟ ಸ್ಥಿತಿಯಿಂದ ಬರುತ್ತಿದೆಯೋ ಎಂಬುದನ್ನು ಬೇರೆ ಮಾಡಿ ನೋಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲ ಪರೀಕ್ಷೆ: ಸ್ಕ್ರಿಪ್ಟ್ ಓಡುತ್ತಿದೆಯೇ?

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಒಂದು ಸಂದೇಶವನ್ನು ಮುದ್ರಿಸುವ ಆಜ್ಞೆ ಸೇರಿಸಿ, ‘ದರ್ವಾಜಾ ಸ್ಕ್ರಿಪ್ಟ್ ಶುರು’ ಎಂದು ಬರೆಯಿರಿ. ಆಟದಲ್ಲಿ ಆ ಮಾತು ಕಾಣದಿದ್ದರೆ ದೋಷವು ಸ್ಕ್ರಿಪ್ಟಿನಲ್ಲಿಲ್ಲ, ಅದನ್ನು ಕರೆಯುವ ಕಮಾಂಡಿನಲ್ಲಿ, ಅಂದರೆ ಆಟಗಾರ ಟೈಪ್ ಮಾಡಿದ ಮಾತನ್ನು ಗುರುತಿಸುವ ಭಾಗದಲ್ಲಿ, ಇದೆ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದರಿಂದ ಕಮಾಂಡಿನ ನಮೂನೆಯಲ್ಲಿ ವಸ್ತುವಿನ ಜಾಗ ಮೊದಲು, ‘ತೆರೆ’ ಆಮೇಲೆ ಇರಬೇಕು. ಇಂಗ್ಲಿಷ್ ಮಾದರಿಯನ್ನು ಹಾಗೆಯೇ ಇಟ್ಟುಕೊಂಡು ಪದವನ್ನಷ್ಟೇ ಬದಲಿಸಿದ್ದರೆ ಸ್ಕ್ರಿಪ್ಟಿನವರೆಗೆ ಮಾತು ತಲುಪುವುದೇ ಇಲ್ಲ. ಇನ್ನೊಂದು ಸಾಮಾನ್ಯ ಕಾರಣವೆಂದರೆ, ಆಟಗಾರರು ‘ಬಾಗಿಲನ್ನು ತೆರೆ’ ಎಂದು ಟೈಪ್ ಮಾಡಿದಾಗ ಆ ವಿಭಕ್ತಿ ರೂಪ ವಸ್ತುವಿನ ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ ಇಲ್ಲದಿರುವುದು.

ಸಂದೇಶ ಕಂಡರೆ ಮುಂದಿನ ಹಂತಕ್ಕೆ ಹೋಗಿ.

ಸ್ಕ್ರಿಪ್ಟಿನೊಳಗೆ ನೆಟ್ಟುಹೋದ ಹೆಸರು

ಮೇಲೆ ಹೇಳಿದ ಹುಲಿಗಳ ದೋಷದ ಮೂಲ ಇಲ್ಲಿದೆ. ಶರ್ಜಾ ದರ್ವಾಜಾದ ಮೂಲ ಸ್ಕ್ರಿಪ್ಟನ್ನು ಬಿಡಿಸಿ ನೋಡೋಣ. ಶರ್ಜಾ ತೆರೆದಿದ್ದರೆ ‘ಈಗಾಗಲೇ ತೆರೆದಿದೆ’ ಎಂದು ಹೇಳು. ಇಲ್ಲವಾದರೆ, ಆಟಗಾರನ ಬಳಿ ಹಿತ್ತಾಳೆಯ ಕೀಲಿಕೈ ಇದ್ದರೆ ಶರ್ಜಾದ ‘ತೆರೆದಿದೆ’ ಎಂಬ ಅಟ್ರಿಬ್ಯೂಟನ್ನು (ವಸ್ತುವಿನೊಡನೆ ಉಳಿಸಿಡುವ ಮಾಹಿತಿಯನ್ನು) ನಿಜವೆಂದು ಮಾಡು, ಹುಲಿಗಳ ಮಾತನ್ನು ಮುದ್ರಿಸು. ಅದೂ ಇಲ್ಲವಾದರೆ ‘ಕೀಲಿ ಹಾಕಿದೆ’ ಎಂದು ಹೇಳು. ಇಷ್ಟು ಚಿಕ್ಕ ಸ್ಕ್ರಿಪ್ಟಿನಲ್ಲಿ ದರ್ವಾಜಾದ ಹೆಸರು ಎರಡು ಕಡೆ, ಕೀಲಿಕೈಯ ಹೆಸರು ಒಂದು ಕಡೆ, ಆ ದರ್ವಾಜಾಕ್ಕೆ ಮಾತ್ರ ಸಲ್ಲುವ ವರ್ಣನೆ ಒಂದು ಕಡೆ ನೆಟ್ಟುಕೊಂಡಿವೆ. ನಕಲು ಮಾಡಿದವರು ಷರತ್ತಿನಲ್ಲಿರುವ ಹೆಸರನ್ನು ಬದಲಿಸಿ, ಅಟ್ರಿಬ್ಯೂಟ್ ಬದಲಾಯಿಸುವ ಸಾಲಿನಲ್ಲಿರುವುದನ್ನು ಬಿಟ್ಟರೆ, ಮಾಂಡುವಿನ ಕೀಲಿಕೈಯಿಂದ ಶರ್ಜಾ ತೆರೆಯುತ್ತದೆ.

ನಕಲಿನಲ್ಲಿರುವ ಹೆಸರುಗಳನ್ನು ಒಂದೊಂದಾಗಿ ತಿದ್ದಿದರೆ ಈ ದೋಷ ಹೋಗುತ್ತದೆ, ಆದರೆ ಅದನ್ನು ಪರಿಹಾರ ಎನ್ನಲಾಗದು. ಐದು ದರ್ವಾಜಾಗಳಿಗೆ ಐದು ನಕಲುಗಳಿದ್ದರೆ, ನಾಳೆ ಸಂದೇಶವೊಂದರ ಕಾಗುಣಿತ ತಿದ್ದಬೇಕಾದಾಗ ಐದು ಕಡೆ ತಿದ್ದಬೇಕು, ಮತ್ತು ಯಾವುದಾದರೂ ಒಂದು ಕಡೆ ಅದು ಉಳಿದೇ ಉಳಿಯುತ್ತದೆ.

ಸರಿಯಾದ ದಾರಿಯೆಂದರೆ, ಸ್ಕ್ರಿಪ್ಟಿನಲ್ಲಿ ಸ್ವಂತ ಹೆಸರು ಇದ್ದ ಪ್ರತಿಯೊಂದು ಕಡೆಯೂ ‘ದಿಸ್’ ಎಂಬ ಪದವನ್ನು ಬಳಸುವುದು. ಯಾವ ವಸ್ತುವಿನ ಸ್ಕ್ರಿಪ್ಟ್ ಓಡುತ್ತಿದೆಯೋ ಆ ವಸ್ತುವನ್ನು ಕ್ವೆಸ್ಟ್ ‘ದಿಸ್’ ಎಂದು ಕೊಡುತ್ತದೆ. ಕೀಲಿಕೈಯ ಹೆಸರಿನ ಬದಲು ‘ದಿಸ್.ಬೇಕಾದಕೈ’ ಎಂದು ಬರೆದು, ಪ್ರತಿಯೊಂದು ದರ್ವಾಜಾದಲ್ಲಿ ‘ಬೇಕಾದಕೈ’ ಎಂಬ ಅಟ್ರಿಬ್ಯೂಟಿಗೆ ಆಯಾ ಕೀಲಿಕೈಯನ್ನು ಕಟ್ಟಿ. ಹುಲಿಗಳ ಮಾತನ್ನು ಸ್ಕ್ರಿಪ್ಟಿನಿಂದ ಹೊರಗೆ ತೆಗೆದು, ‘ತೆರೆದಾಗಿನಮಾತು’ ಎಂಬ ಅಟ್ರಿಬ್ಯೂಟಿನಲ್ಲಿ ಶರ್ಜಾಕ್ಕೆ ಮಾತ್ರ ಇಡಿ. ಹೀಗೆ ಮಾಡಿದ ಮೇಲೆ ಸ್ಕ್ರಿಪ್ಟಿನಲ್ಲಿ ಯಾವ ದರ್ವಾಜಾದ ಹೆಸರೂ ಉಳಿಯುವುದಿಲ್ಲ. ಆಗ ಅದನ್ನು ‘ಕೋಟೆಬಾಗಿಲು’ ಎಂಬ ಒಂದು ಟೈಪಿನಲ್ಲಿ (ಹಲವು ವಸ್ತುಗಳು ಹಂಚಿಕೊಳ್ಳುವ ಅಚ್ಚಿನಲ್ಲಿ) ಒಮ್ಮೆ ಬರೆದು, ಐದೂ ದರ್ವಾಜಾಗಳು ಆ ಟೈಪನ್ನು ಪಡೆಯುವಂತೆ ಮಾಡಬಹುದು. ಒಂದೇ ಬಗೆಯ ವಸ್ತುಗಳ ನಡುವೆ ಸ್ಕ್ರಿಪ್ಟ್ ಹಂಚಿಕೊಳ್ಳಲು ಟೈಪಿಗಿಂತ ಒಳ್ಳೆಯ ವ್ಯವಸ್ಥೆ ಕ್ವೆಸ್ಟ್‌ನಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

‘ದಿಸ್’ ಗೊತ್ತಿಲ್ಲ ಎಂಬ ಎರರ್

ಸ್ಕ್ರಿಪ್ಟನ್ನು ವಸ್ತುವಿನಿಂದ ತೆಗೆದು ಫಂಕ್ಷನ್ನಿಗೆ (ಹೆಸರಿಟ್ಟು ಎಲ್ಲಿಂದ ಬೇಕಾದರೂ ಕರೆಯಬಹುದಾದ ಸ್ಕ್ರಿಪ್ಟಿಗೆ) ಹಾಕಿದಾಗ, ‘ದಿಸ್’ ಎಂಬ ವಸ್ತುವಾಗಲಿ ವೇರಿಯಬಲ್ (ಸ್ಕ್ರಿಪ್ಟ್ ಓಡುವಾಗ ಒಂದು ಬೆಲೆಯನ್ನು ಹಿಡಿದಿಡುವ ಹೆಸರು) ಆಗಲಿ ಗೊತ್ತಿಲ್ಲ ಎಂಬ ಅರ್ಥದ ಎರರ್ ಬರುತ್ತದೆ. ಇದೇ ಸ್ಕ್ರಿಪ್ಟ್ ವಸ್ತುವಿನಲ್ಲಿ ಚೆನ್ನಾಗಿ ಓಡುತ್ತಿತ್ತಲ್ಲ ಎಂದು ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಸ್ಕ್ರಿಪ್ಟಿನ ಸಾಲುಗಳು ಬದಲಾಗಿಲ್ಲ, ಅದು ಓಡುವ ಸಂದರ್ಭ ಬದಲಾಗಿದೆ.

ವಸ್ತುವಿನ ಅಟ್ರಿಬ್ಯೂಟಿನಲ್ಲಿರುವ ಸ್ಕ್ರಿಪ್ಟನ್ನು ‘ಡೂ’ ಆಜ್ಞೆಯಿಂದ ಕರೆದಾಗ, ಆ ವಸ್ತುವೇ ‘ದಿಸ್’ ಆಗುತ್ತದೆ. ಫಂಕ್ಷನ್ ಯಾವ ವಸ್ತುವಿಗೂ ಸೇರಿದ್ದಲ್ಲವಾದ್ದರಿಂದ ಅದರೊಳಗೆ ‘ದಿಸ್’ ಇರುವುದಿಲ್ಲ. ವಸ್ತುವನ್ನು ಪ್ಯಾರಾಮೀಟರ್ ಆಗಿ, ಅಂದರೆ ಕರೆಯುವಾಗ ಜೊತೆಗೆ ಕೊಡುವ ಮಾಹಿತಿಯಾಗಿ, ಕಳಿಸಬೇಕು, ಫಂಕ್ಷನ್ನಿನೊಳಗೆ ಆ ಪ್ಯಾರಾಮೀಟರಿನ ಹೆಸರನ್ನೇ ಬಳಸಬೇಕು. ಕಮಾಂಡಿನ ಸ್ಕ್ರಿಪ್ಟಿನಲ್ಲಾದರೆ ಆಟಗಾರ ಹೆಸರಿಸಿದ ವಸ್ತು ‘ಆಬ್ಜೆಕ್ಟ್’ ಎಂಬ ವೇರಿಯಬಲ್ಲಿನಲ್ಲಿ ಬರುತ್ತದೆ, ಏಕೆಂದರೆ ನಮೂನೆಯಲ್ಲಿ ಎರಡು ಹ್ಯಾಷ್ ಗುರುತುಗಳ ನಡುವೆ ನಾವು ಬರೆದ ಹೆಸರು ಅದು. ಹೀಗಾಗಿ ಕಮಾಂಡಿನಿಂದ ಟೈಪಿಗೆ ಸ್ಕ್ರಿಪ್ಟನ್ನು ಸಾಗಿಸುವಾಗ ‘ಆಬ್ಜೆಕ್ಟ್’ ಇದ್ದಲ್ಲೆಲ್ಲ ‘ದಿಸ್’ ಬರೆಯಬೇಕು, ಟೈಪಿನಿಂದ ಫಂಕ್ಷನ್ನಿಗೆ ಸಾಗಿಸುವಾಗ ‘ದಿಸ್’ ಇದ್ದಲ್ಲೆಲ್ಲ ಪ್ಯಾರಾಮೀಟರಿನ ಹೆಸರು ಬರೆಯಬೇಕು.

ಸ್ಕ್ರಿಪ್ಟಿನಲ್ಲಿ ಹುಟ್ಟಿಸಿದ ಇತರ ವೇರಿಯಬಲ್ಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕರೆಯುವ ಸ್ಕ್ರಿಪ್ಟಿನಲ್ಲಿದ್ದ ವೇರಿಯಬಲ್ ಕರೆಸಿಕೊಂಡ ಫಂಕ್ಷನ್ನಿಗೆ ತಾನಾಗಿ ಹೋಗುವುದಿಲ್ಲ. ‘ಡೂ’ ಆಜ್ಞೆಯೊಡನೆ ಹೆಚ್ಚಿನ ಮಾಹಿತಿ ಕಳಿಸಬೇಕಾದರೆ ಅದನ್ನು ಒಂದು ಡಿಕ್ಷನರಿಯಲ್ಲಿ (ಹೆಸರು ಮತ್ತು ಬೆಲೆಗಳ ಜೋಡಿಗಳ ಪಟ್ಟಿಯಲ್ಲಿ) ಇಟ್ಟು ಕಳಿಸಬೇಕು. ಸ್ವಲ್ಪ ಸಮಯದ ಬಳಿಕ ಓಡುವಂತೆ ಬರೆದ ಸ್ಕ್ರಿಪ್ಟ್ ತುಣುಕುಗಳಲ್ಲಿ, ಉದಾಹರಣೆಗೆ ಕಾವಲುಗಾರ ಐದು ಸೆಕೆಂಡುಗಳ ಬಳಿಕ ಮರಳಿ ಬರುವ ಟೈಮ್‌ಔಟಿನಲ್ಲಿ, ಹೊರಗಿದ್ದ ‘ದಿಸ್’ ಸಿಗುತ್ತದೆಂದು ನಂಬಬಾರದು. ಯಾವ ವಸ್ತುವಿನ ಮೇಲೆ ಕೆಲಸ ನಡೆಯಬೇಕೋ ಅದನ್ನು ಮೊದಲೇ ಒಂದು ಅಟ್ರಿಬ್ಯೂಟಿನಲ್ಲಿ ಉಳಿಸಿ, ತುಣುಕಿನೊಳಗೆ ಅಲ್ಲಿಂದ ಓದಬೇಕು.

ಟೈಪ್ ಬೇಕೋ ಫಂಕ್ಷನ್ ಬೇಕೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ವಸ್ತುವೊಂದು ತಾನು ಏನು ಮಾಡುತ್ತದೆ ಎಂಬುದನ್ನು ಹೇಳುವ ಸ್ಕ್ರಿಪ್ಟ್ ಟೈಪಿನಲ್ಲಿರಲಿ: ತೆರೆಯುವುದು, ಉರಿಯುವುದು, ಮಾತನಾಡುವುದು. ಯಾವ ವಸ್ತುವನ್ನಾದರೂ ಪಡೆದು ಒಂದು ಉತ್ತರ ಕೊಡುವ ಲೆಕ್ಕಾಚಾರ ಫಂಕ್ಷನ್ನಿನಲ್ಲಿರಲಿ: ಇಲ್ಲಿ ಬೆಳಕಿದೆಯೇ, ಈ ಕೈ ಈ ಕೀಲಿಗೆ ಹೊಂದುತ್ತದೆಯೇ, ಈ ಹೆಸರಿನ ದ್ವಿತೀಯಾ ವಿಭಕ್ತಿ ರೂಪ ಯಾವುದು. ಟೈಪಿನ ಸ್ಕ್ರಿಪ್ಟ್ ತನ್ನೊಳಗಿಂದ ಫಂಕ್ಷನ್ನನ್ನು ಕರೆದು ‘ದಿಸ್’ ಅನ್ನು ಅದಕ್ಕೆ ಕಳಿಸುವುದು ಚೊಕ್ಕಟವಾದ ಏರ್ಪಾಡು.

ಟೈಪಿನಲ್ಲಿ ತಿದ್ದಿದರೂ ಒಂದು ವಸ್ತು ಮಾತ್ರ ಬದಲಾಗದಿದ್ದರೆ

ನಾಲ್ಕು ದರ್ವಾಜಾಗಳು ಹೊಸ ಸ್ಕ್ರಿಪ್ಟಿನಂತೆ ನಡೆದು, ಕಲ್ಯಾಣಿ ದರ್ವಾಜಾ ಮಾತ್ರ ಹಳೆಯ ಮಾತನ್ನೇ ಹೇಳುತ್ತಿದ್ದರೆ, ಅದರಲ್ಲಿ ಹಳೆಯ ನಕಲು ಉಳಿದಿದೆ ಎಂದೇ ತಿಳಿಯಿರಿ. ವಸ್ತುವಿಗೆ ತನ್ನದೇ ಆದ ಅಟ್ರಿಬ್ಯೂಟ್ ಇದ್ದರೆ ಟೈಪಿನಿಂದ ಬಂದದ್ದಕ್ಕಿಂತ ಅದಕ್ಕೇ ಪ್ರಾಶಸ್ತ್ಯ. ಎಡಿಟರ್‌ನ ಅಟ್ರಿಬ್ಯೂಟ್ ಪಟ್ಟಿಯಲ್ಲಿ ಪ್ರತಿಯೊಂದು ಅಟ್ರಿಬ್ಯೂಟಿನ ಮೂಲ ಯಾವುದೆಂದು ತೋರಿಸುವ ಕಾಲಮ್ ಇದೆ. ಅಲ್ಲಿ ‘ಕೋಟೆಬಾಗಿಲು’ ಎಂದು ಇರಬೇಕಾದಲ್ಲಿ ಕಲ್ಯಾಣಿ ದರ್ವಾಜಾದ ಹೆಸರೇ ಇದ್ದರೆ, ಆ ಅಟ್ರಿಬ್ಯೂಟನ್ನು ವಸ್ತುವಿನಿಂದ ಅಳಿಸಿ. ಅಳಿಸಿದ ಕೂಡಲೇ ಟೈಪಿನದು ಕೆಳಗಿನಿಂದ ಕಾಣಿಸಿಕೊಳ್ಳುತ್ತದೆ.

ಒಂದೇ ವಸ್ತುವಿಗೆ ಎರಡು ಟೈಪುಗಳನ್ನು ಕೊಟ್ಟು, ಎರಡರಲ್ಲಿಯೂ ಒಂದೇ ಹೆಸರಿನ ಸ್ಕ್ರಿಪ್ಟ್ ಇಡುವುದನ್ನು ತಪ್ಪಿಸಿ. ಎರಡರಲ್ಲಿ ಒಂದೇ ಗೆಲ್ಲುತ್ತದೆ. ಇನ್ನೊಂದು ಇದೆಯೆಂದು ನೆನಪಿಟ್ಟುಕೊಂಡು ಕೆಲಸ ಮಾಡುವುದು ಯಾರಿಗೂ ಸಾಧ್ಯವಾಗದು.

ಒಂದು ವಸ್ತುವಿನ ಸ್ಥಿತಿ ಇನ್ನೊಂದಕ್ಕೆ ಅಂಟಿಕೊಳ್ಳುವುದು

ಬೀದರಿನ ಆಟದಲ್ಲಿ ಬಿದ್ರಿ ಕೆಲಸ ಇಲ್ಲದಿದ್ದರೆ ಆಗದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಕೆತ್ತಿ, ಬೆಳ್ಳಿಯ ತಂತಿ ಕೂಡಿಸಿದ ಮೇಲೆ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಆಟದಲ್ಲಿ ಹೂಜಿ, ಬಟ್ಟಲು, ಪೆಟ್ಟಿಗೆ ಎಂಬ ಮೂರು ಬಿದ್ರಿ ವಸ್ತುಗಳಿವೆ. ಮೂರಕ್ಕೂ ‘ಮಣ್ಣು ಹಚ್ಚು’ ಎಂಬ ಒಂದೇ ಸ್ಕ್ರಿಪ್ಟ್.

ದೋಷದ ರೂಪ ಹೀಗಿರುತ್ತದೆ: ಹೂಜಿಗೆ ಮಣ್ಣು ಹಚ್ಚಿದ ಕೂಡಲೇ ಬಟ್ಟಲೂ ಪೆಟ್ಟಿಗೆಯೂ ಕಪ್ಪಾಗಿವೆ ಎಂದು ಆಟ ಹೇಳುತ್ತದೆ. ಸ್ಕ್ರಿಪ್ಟಿನಲ್ಲಿ ಹೆಸರು ನೆಟ್ಟಿಲ್ಲ, ‘ದಿಸ್’ ಸರಿಯಾಗಿಯೇ ಇದೆ. ಆದರೆ ಕಪ್ಪಾಗಿದೆಯೋ ಇಲ್ಲವೋ ಎಂಬುದನ್ನು ‘ಗೇಮ್.ಕಪ್ಪಾಗಿದೆ’ ಎಂದು ಇಡೀ ಆಟಕ್ಕೆ ಸೇರಿದ ಜಾಗದಲ್ಲಿ ಬರೆಯಲಾಗಿದೆ. ಒಂದೇ ವಸ್ತು ಇದ್ದಾಗ ಆ ಜಾಗದಿಂದ ತೊಂದರೆಯಾಗುವುದಿಲ್ಲ, ಆದ್ದರಿಂದಲೇ ಅದು ಮೊದಲ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ‘ದಿಸ್.ಕಪ್ಪಾಗಿದೆ’ ಎಂದು ತಿದ್ದಿ, ಬಿದ್ರಿ ಟೈಪಿನಲ್ಲಿ ಅದರ ಆರಂಭದ ಬೆಲೆಯನ್ನು ಸುಳ್ಳು ಎಂದು ಕೊಟ್ಟರೆ ಮೂರೂ ವಸ್ತುಗಳು ಬೇರೆಬೇರೆಯಾಗುತ್ತವೆ. ಆರಂಭದ ಬೆಲೆ ಕೊಡುವುದನ್ನು ಮರೆಯಬೇಡಿ. ಇಲ್ಲದ ಅಟ್ರಿಬ್ಯೂಟನ್ನು ಷರತ್ತಿನಲ್ಲಿ ಓದಿದರೆ ಎರರ್ ಬರುತ್ತದೆ.

ಇದರ ಇನ್ನೊಂದು ರೂಪ ಹೆಚ್ಚು ಸೂಕ್ಷ್ಮವಾಗಿದೆ. ಬೀದರ್ ಹತ್ತಿರದ ನೌಬಾದಿನ ಬಳಿಯ ಕರೇಜ್, ಅಂದರೆ ನಮ್ಮವರು ಸುರಂಗ ಬಾವಿ ಎನ್ನುವ ನೆಲದಡಿಯ ನೀರಿನ ದಾರಿ, ಆಟದ ಎರಡನೆಯ ಭಾಗ. ಸುರಂಗದ ಉದ್ದಕ್ಕೂ ಗಾಳಿ ಬೆಳಕಿಗೆಂದು ಮೇಲಿನಿಂದ ತೋಡಿದ ಬಾವಿಗಳಿವೆ. ಪ್ರತಿಯೊಂದು ಬಾವಿಯ ಕೆಳಗೆ ಮೊದಲ ಸಲ ಬಂದಾಗ ಮಾತ್ರ ಒಂದು ದೀರ್ಘ ವರ್ಣನೆ ಬರಬೇಕೆಂದು, ಕ್ವೆಸ್ಟ್‌ನ ‘ಫಸ್ಟ್‌ಟೈಮ್’ ಆಜ್ಞೆಯನ್ನು ಒಂದು ಫಂಕ್ಷನ್ನಿನೊಳಗಿಟ್ಟು ಎಲ್ಲ ಬಾವಿಗಳಿಂದಲೂ ಅದನ್ನು ಕರೆದರೆ, ಮೊದಲ ಬಾವಿಯಲ್ಲಿ ವರ್ಣನೆ ಬಂದು ಮುಂದಿನ ಯಾವ ಬಾವಿಯಲ್ಲಿಯೂ ಬರುವುದಿಲ್ಲ. ‘ಫಸ್ಟ್‌ಟೈಮ್’ ನೆನಪಿಟ್ಟುಕೊಳ್ಳುವುದು ತಾನು ಇರುವ ಆ ಸ್ಕ್ರಿಪ್ಟ್ ತುಣುಕು ಒಮ್ಮೆ ಓಡಿತೇ ಎಂಬುದನ್ನೇ ಹೊರತು, ಯಾವ ಬಾವಿಯ ಪರವಾಗಿ ಓಡಿತು ಎಂಬುದನ್ನಲ್ಲ. ಫಂಕ್ಷನ್ನಿನಲ್ಲಿ ಆ ತುಣುಕು ಒಂದೇ ಇರುವುದರಿಂದ ನೆನಪೂ ಒಂದೇ. ಆದ್ದರಿಂದ ಹಲವು ವಸ್ತುಗಳು ಹಂಚಿಕೊಳ್ಳುವ ಸ್ಕ್ರಿಪ್ಟಿನಲ್ಲಿ ‘ಫಸ್ಟ್‌ಟೈಮ್’ ಬಳಸಲೇಬೇಡಿ. ‘ಕಂಡಿದೆ’ ಎಂಬ ಅಟ್ರಿಬ್ಯೂಟನ್ನು ಪ್ರತಿಯೊಂದು ಬಾವಿಗೂ ಕೊಟ್ಟು, ವರ್ಣನೆ ಮುದ್ರಿಸಿದ ಮೇಲೆ ಆ ಬಾವಿಯದನ್ನು ಮಾತ್ರ ನಿಜವೆಂದು ಮಾಡಿ.

ಪಟ್ಟಿಗಳದ್ದು ಪ್ರತ್ಯೇಕ ತೊಡಕು. ಕೀಲಿಕೈಗಳ ಟೈಪಿನಲ್ಲಿ ‘ಕೀಲಿಕೈ, ಚಾವಿ, ಬೀಗದ ಕೈ’ ಎಂಬ ಪರ್ಯಾಯ ಹೆಸರುಗಳ ಪಟ್ಟಿ ಇಟ್ಟಿದ್ದೀರಿ ಎನ್ನೋಣ. ಆಟ ನಡೆಯುವಾಗ ಒಂದು ಕೀಲಿಕೈಯ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಲು ಹೋದರೆ, ಟೈಪಿನಿಂದ ಬಂದ ಪಟ್ಟಿಯನ್ನು ಬದಲಿಸಲಾಗದು, ಮೊದಲು ಅದರ ಪ್ರತಿ ಮಾಡಿಕೊಳ್ಳಿ ಎಂಬ ಎರರ್ ಬರುತ್ತದೆ. ಈ ತಡೆ ಒಳ್ಳೆಯದೇ. ಇಲ್ಲದಿದ್ದರೆ ಒಂದು ಕೈಗೆ ಸೇರಿಸಿದ ಹೆಸರು ಎಲ್ಲ ಕೈಗಳಿಗೂ ಸೇರಿಬಿಡುತ್ತಿತ್ತು. ಎಡಿಟರ್‌ನಲ್ಲಿ ಒಂದು ಕೀಲಿಕೈಗೆ ತನ್ನದೇ ಪಟ್ಟಿ ಬರೆದರೆ ಅದು ಟೈಪಿನ ಪಟ್ಟಿಯ ಬದಲಿಗೆ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ: ‘ಹಿತ್ತಾಳೆ ಕೈ’ ಎಂದು ಒಂದನ್ನೇ ಬರೆದರೆ, ‘ಚಾವಿ’ ಎಂದು ಟೈಪ್ ಮಾಡಿದ ಆಟಗಾರನಿಗೆ ಆ ವಸ್ತು ಸಿಗುವುದಿಲ್ಲ.

ಕನ್ನಡದ ಆಟಗಳಿಗೇ ಬರುವ ದೋಷ: ವಿಭಕ್ತಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ದೋಷದ ಸುಳಿವು ಸಿಗುವುದಿಲ್ಲ, ಏಕೆಂದರೆ ಆ ಭಾಷೆಯಲ್ಲಿ ನಾಮಪದ ಬದಲಾಗದೆ ವಾಕ್ಯದಲ್ಲಿ ಕೂರುತ್ತದೆ. ನಮ್ಮಲ್ಲಿ ಹಾಗಲ್ಲ. ಹಂಚಿಕೊಂಡ ಸ್ಕ್ರಿಪ್ಟಿನಲ್ಲಿ ಸಂದೇಶವನ್ನು ವಸ್ತುವಿನ ಅಲಿಯಾಸ್ ಮತ್ತು ಒಂದು ಪ್ರತ್ಯಯ ಕೂಡಿಸಿ ಕಟ್ಟಿದರೆ, ಅದು ಬರೆದ ಮೊದಲ ವಸ್ತುವಿಗೆ ಸರಿಹೋಗಿ ಎರಡನೆಯದಕ್ಕೆ ಕೆಡುತ್ತದೆ. ‘ದೀಪ’ದ ಮುಂದೆ ‘ವನ್ನು’ ಸೇರಿಸಿ, ‘ದೀಪವನ್ನು ಎತ್ತಿಕೊಂಡಿರಿ’ ಎಂದು ಬರೆದ ಸ್ಕ್ರಿಪ್ಟ್, ಹೂಜಿಯ ವಿಷಯದಲ್ಲಿ ‘ಹೂಜಿವನ್ನು ಎತ್ತಿಕೊಂಡಿರಿ’ ಎನ್ನುತ್ತದೆ, ಬಟ್ಟಲಿನ ವಿಷಯದಲ್ಲಿ ‘ಬಟ್ಟಲುವನ್ನು’ ಎನ್ನುತ್ತದೆ. ತರ್ಕದ ದೃಷ್ಟಿಯಿಂದ ಸ್ಕ್ರಿಪ್ಟಿನಲ್ಲಿ ತಪ್ಪೇನೂ ಇಲ್ಲ. ಓದುವವರ ಕಿವಿಗೆ ಮಾತ್ರ ಅದು ಕನ್ನಡವಲ್ಲ, ಮತ್ತು ಮಕ್ಕಳು ತಮ್ಮ ಭಾಷೆಯಲ್ಲಿ ಆಡಲೆಂದು ಕಟ್ಟಿದ ಆಟದಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡಲು ನಾನು ಒಪ್ಪುವುದಿಲ್ಲ.

ಕೊನೆಯ ಅಕ್ಷರ ನೋಡಿ ಪ್ರತ್ಯಯ ಆರಿಸುವ ಫಂಕ್ಷನ್ ಬರೆಯಬಹುದೆಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಇಕಾರ ಎಕಾರಗಳಿಂದ ಮುಗಿಯುವ ಹೂಜಿ, ಪೆಟ್ಟಿಗೆ, ಅಜ್ಜಿ ಮುಂತಾದವಕ್ಕೆ ‘ಯನ್ನು’ ಸೇರಿಸಿದರೆ ಸಾಕು. ತೊಡಕಿರುವುದು ಅಕಾರ ಉಕಾರಗಳಲ್ಲಿ. ‘ದೀಪ’ ದೀಪವನ್ನು ಆಗುತ್ತದೆ, ‘ಕಾವಲುಗಾರ’ ಕಾವಲುಗಾರನನ್ನು ಆಗುತ್ತಾನೆ. ಎರಡೂ ಅಕಾರದಿಂದಲೇ ಮುಗಿಯುತ್ತವೆ. ‘ಬಟ್ಟಲು’ ಬಟ್ಟಲನ್ನು ಆಗುತ್ತದೆ, ‘ಗುರು’ ಗುರುವನ್ನು ಆಗುತ್ತದೆ. ಎರಡೂ ಉಕಾರದಿಂದಲೇ ಮುಗಿಯುತ್ತವೆ. ಅಕ್ಷರವೊಂದನ್ನೇ ನಂಬಿದ ಫಂಕ್ಷನ್ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ತಪ್ಪಿಯೇ ತಪ್ಪುತ್ತದೆ.

ಆದ್ದರಿಂದ ಬೇಕಾದ ವಿಭಕ್ತಿ ರೂಪಗಳನ್ನು ವಸ್ತುವಿನಲ್ಲಿಯೇ ಬರೆದಿಡಿ. ನಮ್ಮ ಆಟದ ಸಂದೇಶಗಳಿಗೆ ಮೂರು ರೂಪಗಳು ಸಾಕಾಗಿವೆ: ‘ಹೂಜಿಯನ್ನು’ ಎಂಬ ದ್ವಿತೀಯೆ, ‘ಹೂಜಿಗೆ’ ಎಂಬ ಚತುರ್ಥಿ, ‘ಹೂಜಿಯಲ್ಲಿ’ ಎಂಬ ಸಪ್ತಮಿ. ಪ್ರತಿಯೊಂದನ್ನೂ ಒಂದೊಂದು ಅಟ್ರಿಬ್ಯೂಟಿನಲ್ಲಿ ಇಟ್ಟು, ಹಂಚಿಕೊಂಡ ಸ್ಕ್ರಿಪ್ಟಿನಲ್ಲಿ ‘ದಿಸ್.ದ್ವಿತೀಯೆ’ ಎಂದು ಬಳಸಿದರೆ, ದರ್ವಾಜಾ ಬರಲಿ ಕಾವಲುಗಾರ ಬರಲಿ ವಾಕ್ಯ ಸರಿಯಾಗಿರುತ್ತದೆ. ಬರೆಯುವ ಶ್ರಮ ಸ್ವಲ್ಪ ಹೆಚ್ಚು, ಆದರೆ ಇದೇ ರೂಪಗಳನ್ನು ವಸ್ತುವಿನ ಪರ್ಯಾಯ ಹೆಸರುಗಳ ಪಟ್ಟಿಗೂ ಹಾಕಿದರೆ ಆಟಗಾರರು ‘ಬಟ್ಟಲನ್ನು ಎತ್ತು’, ‘ಹೂಜಿಗೆ ಮಣ್ಣು ಹಚ್ಚು’ ಎಂದು ಸಹಜವಾಗಿ ಟೈಪ್ ಮಾಡಿದರೂ ಆಟಕ್ಕೆ ತಿಳಿಯುತ್ತದೆ. ಒಂದು ಶ್ರಮಕ್ಕೆ ಎರಡು ಫಲ.

ಕ್ರಿಯಾಪದಕ್ಕೂ ಇದೇ ಎಚ್ಚರ ಬೇಕು. ‘ಮೌನವಾಗಿ ನಿಂತಿದೆ’ ಎಂಬ ಸಂದೇಶ ದರ್ವಾಜಾಕ್ಕೆ ಸರಿ, ಕಾವಲುಗಾರನಿಗೆ ‘ನಿಂತಿದ್ದಾನೆ’ ಎಂದಾಗಬೇಕು, ಬಿದ್ರಿ ಅಂಗಡಿಯ ಹಿರಿಯರಿಗೆ ‘ನಿಂತಿದ್ದಾರೆ’ ಎಂದಾಗಬೇಕು. ವ್ಯಕ್ತಿಗಳಿಗೂ ವಸ್ತುಗಳಿಗೂ ಒಂದೇ ಟೈಪ್ ಕೊಡದೆ ಬೇರೆಬೇರೆ ಟೈಪುಗಳನ್ನು ಕಟ್ಟಿ, ಪ್ರತಿಯೊಂದರಲ್ಲಿ ಅದಕ್ಕೆ ತಕ್ಕ ಕ್ರಿಯಾರೂಪಗಳನ್ನಿಟ್ಟರೆ ಈ ಭಾಗ ಹಗುರವಾಗುತ್ತದೆ.

ಅಟ್ರಿಬ್ಯೂಟ್ ಇದೆ, ಆದರೆ ಸ್ಕ್ರಿಪ್ಟ್ ಅಲ್ಲ

‘ಡೂ’ ಆಜ್ಞೆ ಎರರ್ ಕೊಟ್ಟು, ಅಟ್ರಿಬ್ಯೂಟಿನ ಹೆಸರಿನ ಕಾಗುಣಿತ ಸರಿಯಿದ್ದರೆ, ಅದರ ಬಗೆಯನ್ನು ನೋಡಿ. ಎಡಿಟರ್‌ನಲ್ಲಿ ಒಂದು ಕ್ರಿಯೆಗೆ ಸಂದೇಶ ಮುದ್ರಿಸಿದರೆ ಸಾಕೆಂದು ಆರಿಸಿದ್ದರೆ ಅಲ್ಲಿರುವುದು ಬರಿಯ ಪಠ್ಯ. ಅದನ್ನು ಸ್ಕ್ರಿಪ್ಟ್ ಎಂದು ಓಡಿಸಲಾಗದು. ‘ಟೈಪ್‌ಆಫ್’ ಫಂಕ್ಷನ್ ಅಟ್ರಿಬ್ಯೂಟಿನ ಬಗೆಯನ್ನು ಹೇಳುತ್ತದೆ, ‘ಹ್ಯಾಸ್‌ಸ್ಕ್ರಿಪ್ಟ್’ ಫಂಕ್ಷನ್ ಸ್ಕ್ರಿಪ್ಟ್ ಇದೆಯೇ ಎಂದು ಹೇಳುತ್ತದೆ. ಎಲ್ಲ ವಸ್ತುಗಳ ಮೇಲೂ ನಡೆಯಬೇಕಾದ ಕಮಾಂಡಿನಲ್ಲಿ ಕರೆಯುವ ಮುನ್ನ ಈ ಪರೀಕ್ಷೆ ಇರಲಿ, ಇಲ್ಲದ ವಸ್ತುಗಳಿಗೆ ‘ಅದಕ್ಕೆ ಮಣ್ಣು ಹಚ್ಚಿ ಪ್ರಯೋಜನವಿಲ್ಲ’ ಎಂಬಂಥ ಒಂದು ಮಾತು ಇರಲಿ.

ಬ್ರೌಸರ್‌ನಲ್ಲಿ ಆಟ ಕಟ್ಟುವವರಿಗೆ

ಟೈಪುಗಳನ್ನು ಕಟ್ಟುವ ಸೌಲಭ್ಯ ಕ್ವೆಸ್ಟ್‌ನ ವಿಂಡೋಸ್ ಆವೃತ್ತಿಯ ಎಡಿಟರ್‌ನಲ್ಲಿದೆ. ಬ್ರೌಸರ್‌ನಲ್ಲಿ ನಡೆಯುವ ಎಡಿಟರ್ ಬಳಸುವವರು ಬೇರೆ ದಾರಿ ಹಿಡಿಯಬೇಕು. ಒಂದು ದರ್ವಾಜಾದಲ್ಲಿ ಮಾತ್ರ ‘ದಿಸ್’ ಬಳಸಿ ಸ್ಕ್ರಿಪ್ಟ್ ಬರೆದು, ಆಟ ಶುರುವಾಗುವಾಗ ಓಡುವ ಸ್ಕ್ರಿಪ್ಟಿನಲ್ಲಿ ಮಾಂಡುವಿನ ಅಟ್ರಿಬ್ಯೂಟಿಗೆ ಶರ್ಜಾದ ಅಟ್ರಿಬ್ಯೂಟನ್ನು ಸಮ ಮಾಡುವ ಒಂದೊಂದು ಸಾಲು ಬರೆದರೆ, ಸ್ಕ್ರಿಪ್ಟ್ ಆಗಲೇ ಪ್ರತಿಯಾಗಿ ಇನ್ನೊಂದು ವಸ್ತುವಿಗೆ ಸೇರುತ್ತದೆ. ತಿದ್ದುವ ಜಾಗ ಒಂದೇ ಉಳಿಯುತ್ತದೆ. ಮೂಲ ಸ್ಕ್ರಿಪ್ಟಿನಲ್ಲಿ ನೆಟ್ಟ ಹೆಸರೊಂದು ಉಳಿದಿದ್ದರೆ ಅದೂ ಎಲ್ಲ ದರ್ವಾಜಾಗಳಿಗೂ ಹರಡುತ್ತದೆಂಬುದನ್ನು ಮಾತ್ರ ಮರೆಯಬಾರದು.

ತಿದ್ದಿದ ಮೇಲೆ ನೋಡುವ ಕ್ರಮ

ಆಟಗಾರರಿಗೆ ದಾರಿ ಇಲ್ಲದ ಒಂದು ಪರೀಕ್ಷಾ ಕೋಣೆಯನ್ನು ಆಟದಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಒಂದೇ ಟೈಪಿನ ಎರಡು ವಸ್ತುಗಳನ್ನೂ, ಬೇರೆ ಟೈಪಿನ ಒಂದು ವಸ್ತುವನ್ನೂ, ಒಬ್ಬ ವ್ಯಕ್ತಿಯನ್ನೂ ಇರಿಸಿ. ಸ್ಕ್ರಿಪ್ಟ್ ಬರೆದದ್ದು ಯಾವ ವಸ್ತುವನ್ನು ನೋಡಿಯೋ ಅದನ್ನು ಬಿಟ್ಟು ಇನ್ನೊಂದರ ಮೇಲೆ ಮೊದಲು ಕಮಾಂಡ್ ಕೊಡಿ. ನೆಟ್ಟ ಹೆಸರು ಇದ್ದರೆ ಅಲ್ಲಿಯೇ ಹೊರಬೀಳುತ್ತದೆ. ಆಮೇಲೆ ಅದೇ ಕಮಾಂಡನ್ನು ಅದೇ ವಸ್ತುವಿನ ಮೇಲೆ ಮತ್ತೊಮ್ಮೆ ಕೊಟ್ಟು, ‘ಈಗಾಗಲೇ’ ಎಂಬ ಮಾತು ಬರುತ್ತದೆಯೇ ನೋಡಿ. ಬಳಿಕ ಎರಡನೆಯ ವಸ್ತುವಿನ ಮೇಲೆ ಕೊಡಿ. ಅಲ್ಲಿ ಮೊದಲ ಸಲವೇ ‘ಈಗಾಗಲೇ’ ಬಂದರೆ ಸ್ಥಿತಿಯನ್ನು ಎರಡೂ ಹಂಚಿಕೊಂಡಿವೆ ಎಂದರ್ಥ. ವಿಂಡೋಸ್ ಆವೃತ್ತಿಯಲ್ಲಾದರೆ ಆಟ ಆಡುತ್ತಿರುವಾಗಲೇ ಡಿಬಗ್ಗರ್ ತೆರೆದು, ಎರಡೂ ವಸ್ತುಗಳ ಅಟ್ರಿಬ್ಯೂಟುಗಳ ಬೆಲೆಯನ್ನು ಕಣ್ಣೆದುರಿಗೇ ಹೋಲಿಸಬಹುದು. ಕೊನೆಗೆ ಆಟವನ್ನು ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಮೂರನೆಯ ವಸ್ತುವಿನ ಮೇಲೆ ಕಮಾಂಡ್ ಕೊಡಿ. ಸಂದೇಶಗಳನ್ನು ಗಟ್ಟಿಯಾಗಿ ಓದಲು ಪಕ್ಕದಲ್ಲಿ ಒಬ್ಬರು ವಿದ್ಯಾರ್ಥಿ ಇದ್ದರೆ ವಿಭಕ್ತಿಯ ತಪ್ಪುಗಳು ಅದೇ ಹೊತ್ತಿಗೆ ಸಿಗುತ್ತವೆ.